ಬುರುಲ್ಚಾಳ ಸವತಿ ಕಂಪ್ಯೂಟರಿನಲ್ಲಿದ್ದಳು

ಸತ್ತ ಸವತಿಗೆ ವಾರವಾರವೂ ರೊಟ್ಟಿ ಕರಿಯುವುದರಲ್ಲಿ ಬುರುಲ್ಚಾಳಿಗೆ ಎಂದೂ ಬೇಸರವಿರಲಿಲ್ಲ. ಗುರುವಾರ ಬಂತೆಂದರೆ ಕೊಚ್ಕೋರ್ ಊರಿನ ಮನೆಮನೆಯಲ್ಲೂ ಒಲೆಯ ಮೇಲೆ ಬಾಣಲೆ ಏರುತ್ತದೆ. ಕಾದ ಎಣ್ಣೆಯ ವಾಸನೆಯೇ ಸತ್ತವರಿಗೆ ಊಟ. ಬುರುಲ್ಚಾ ಏಳು ರೊಟ್ಟಿ ಕರಿದು, ಅತ್ತೆ ಮಾವಂದಿರನ್ನು ನೆನೆದು, ಕೊನೆಗೆ ‘ಕಾಲಿಪಾಳಿಗೂ ಮುಟ್ಟಲಿ’ ಎಂದು ಒಂದನ್ನು ಮುರಿಯುತ್ತಿದ್ದಳು. ಕಾಲಿಪಾ ಅವಳ ಗಂಡ ಶೇರ್‌ಗಾಜಿಯ ಮೊದಲ ಹೆಂಡತಿ. ತೀರಿಕೊಂಡು ಮೂರು ವರ್ಷವಾಗಿತ್ತು. ಮಣ್ಣಾದವಳಿಗೆ ಒಂದು ರೊಟ್ಟಿ ಕೊಟ್ಟರೆ ಬದುಕಿರುವವಳ ಗಂಟೇನು ಹೋದೀತು? ಅಷ್ಟು ದೊಡ್ಡ ಮನಸ್ಸು ಅವಳಿಗಿತ್ತು, ಗುರುವಾರದ ಮಟ್ಟಿಗೆ.

ಉಳಿದ ಆರು ದಿನ ಹೊಟ್ಟೆಯಲ್ಲಿ ಕಿಚ್ಚು. ಅದಕ್ಕೆ ಕಾರಣ ಕಿಟಕಿಯ ಪಕ್ಕದ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಹಳೆಯ ಕಂಪ್ಯೂಟರು.

ಬುರುಲ್ಚಾ ಹುಟ್ಟಿದ್ದು ಅತ್-ಬಾಶಿ ಕಡೆಯ ಒಂದು ಹಳ್ಳಿಯಲ್ಲಿ. ತಾಯಿ ಹಾಸಿಗೆ ಹಿಡಿದದ್ದು ಬುರುಲ್ಚಾಳ ಇಪ್ಪತ್ತಾರನೇ ವಯಸ್ಸಿಗೆ, ಕಣ್ಣು ಮುಚ್ಚಿದ್ದು ನಲವತ್ತೆರಡನೇ ವಯಸ್ಸಿಗೆ. ನಡುವಿನ ಹದಿನಾರು ವರ್ಷ ಎತ್ತಿ ಕೂರಿಸುವುದು, ಮಲಗಿಸುವುದು, ಒಗೆಯುವುದು. ಇದ್ದದ್ದು ಅಣ್ಣನ ಮನೆಯಲ್ಲಿ. ಒಲೆ ಅತ್ತಿಗೆಯದು, ಹಸು ಅತ್ತಿಗೆಯದು, ಕುಡಿಯುವ ಚಹಾದ ಬಟ್ಟಲೂ ಅತ್ತಿಗೆಯ ತವರಿನದು. ಸಿಟ್ಟು ಬಂದು ಬಟ್ಟಲು ಕುಕ್ಕೋಣವೆಂದರೂ ಹಕ್ಕಿಲ್ಲ. ಇಂಥವಳಿಗೆ ನಲವತ್ತಮೂರಕ್ಕೆ ಸಂಬಂಧ ಕೂಡಿಬಂತು. ಗಂಡು ವಿಧುರ, ಮಕ್ಕಳಿಲ್ಲ, ಕೊಚ್ಕೋರಿನಿಂದ ನಾರಿನ್‌ಗೆ ವ್ಯಾನು ಓಡಿಸುತ್ತಾನೆ, ಕುಡಿತವಿಲ್ಲ. ಕುಡಿತವಿಲ್ಲ ಎಂಬುದನ್ನು ಮದುವೆ ಮಾತಾಡಿಸಿದವರು ಮೂರು ಸಲ ಹೇಳಿದರು.

ಮನೆಗೆ ಕಾಲಿಟ್ಟ ದಿನ ಬುರುಲ್ಚಾ ಮೊದಲು ನೋಡಿದ್ದು ಆ ಸತ್ತವಳದ್ದು ಏನೇನು ಉಳಿದಿದೆ ಎಂದು. ಏನೂ ಇರಲಿಲ್ಲ. ವರ್ಷದ ತಿಥಿಯೂಟದ ದಿನ ಪದ್ಧತಿಯಂತೆ ಕಾಲಿಪಾಳದ್ದೆಲ್ಲವನ್ನೂ ಹಂಚಿದ್ದರು. ಕೋಟು ಅವಳ ತಂಗಿಗೆ, ಬೂಟು ಪಕ್ಕದ ಮನೆಗೆ, ತಲೆವಸ್ತ್ರಗಳು ಹೆಣ ತೊಳೆದ ಹೆಂಗಸರಿಗೆ. ಬಾಚಣಿಗೆಯನ್ನೂ ಬಿಟ್ಟಿರಲಿಲ್ಲ. ಬುರುಲ್ಚಾಳಿಗೆ ನಿರಾಳವಾಯಿತು. ಬೀದಿಯವರು ಈಗಲೂ ‘ಕಾಲಿಪಾಳ ಮನೆ’ ಎಂದೇ ಅನ್ನುತ್ತಿದ್ದರು. ಅನ್ನಲಿ, ಊರ ಬಾಯಿ ನಿಧಾನವಾಗಿ ತಿರುಗುತ್ತದೆ ಎಂದು ಸುಮ್ಮನಾದಳು.

ಕಂಪ್ಯೂಟರನ್ನು ಮಾತ್ರ ಯಾರೂ ಹಂಚಿರಲಿಲ್ಲ. ಶೇರ್‌ಗಾಜಿ ನಾಲ್ಕು ವರ್ಷ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ, ಗಂಡ ಹೆಂಡಿರು ಮಾತಾಡಿಕೊಳ್ಳಲೆಂದು ತಂದಿದ್ದು ಅದು. ಬೆನ್ನು ಉಬ್ಬಿದ ಆ ಡಬ್ಬವನ್ನು ತಿಥಿಗೆ ಬಂದವರಲ್ಲಿ ಯಾರು ತಾನೇ ಹೊತ್ತುಕೊಂಡು ಹೋಗುತ್ತಾರೆ?

ದಿನಾ ಮಧ್ಯಾಹ್ನ, ಒಂದು ಟ್ರಿಪ್ಪಿಗೂ ಇನ್ನೊಂದು ಟ್ರಿಪ್ಪಿಗೂ ನಡುವೆ, ಶೇರ್‌ಗಾಜಿ ಮನೆಗೆ ಊಟಕ್ಕೆ ಬರುತ್ತಿದ್ದ. ಶಾವಿಗೆ ಸಾರು ಕುಡಿದು, ಚಹಾದ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನು ಹಾಕಿಕೊಳ್ಳುತ್ತಿದ್ದ. ಹತ್ತು ನಿಮಿಷ, ಕೆಲವೊಮ್ಮೆ ಹದಿನೈದು. ಬಾಯಿ ತೆರೆಯುತ್ತಿರಲಿಲ್ಲ, ಬರೇ ಕೇಳುತ್ತಿದ್ದ. ಒಮ್ಮೊಮ್ಮೆ ನಗುತ್ತಿದ್ದ. ಬುರುಲ್ಚಾ ಪಾತ್ರೆ ತೊಳೆಯುತ್ತ ಆ ನಗುವನ್ನು ಎಣಿಸುತ್ತಿದ್ದಳು. ತನ್ನ ಮಾತಿಗೆ ಅವನು ಹಾಗೆ ನಕ್ಕದ್ದು ಮದುವೆಯಾದ ಹನ್ನೊಂದು ತಿಂಗಳಲ್ಲಿ ಎರಡೇ ಸಲ.

‘ಯಾವಳೋ ಇದ್ದಾಳೆ’ ಎಂದುಕೊಂಡಳು. ನಾರಿನ್ ಬಸ್ ನಿಲ್ದಾಣದಲ್ಲಿ ಸಮೋಸ ಮಾರುವವಳಿರಬಹುದು. ಒಂದು ದಿನ ಅವನು ಹೋದ ಮೇಲೆ ಲಂಗಕ್ಕೆ ಕೈ ಒರೆಸಿಕೊಂಡು ಕೂತು, ಅವನು ಒತ್ತುತ್ತಿದ್ದ ಜಾಗವನ್ನೇ ಒತ್ತಿ, ಹೆಡ್‌ಫೋನು ಕಿವಿಗಿಟ್ಟುಕೊಂಡಳು. ಹೆಣ್ಣು ದನಿ. ಕೊಂಚ ಒಡಕು, ನಡುನಡುವೆ ಕೆಮ್ಮು. ಅವನು ರಷ್ಯಾದಲ್ಲಿದ್ದಾಗ ಅವನ ಜೊತೆಗಾರನ ಫೋನಿಗೆ ಕಾಲಿಪಾ ಕಳಿಸಿದ್ದ ಮಾತುಗಳು, ಈಗ ಉಳಿದದ್ದು ಇಲ್ಲಿ ಮಾತ್ರ. ಒಟ್ಟು ಹನ್ನೊಂದು.

ಬದುಕಿದ್ದವಳಾಗಿದ್ದರೆ ಹೋಗಿ ಜುಟ್ಟು ಹಿಡಿಯಬಹುದಿತ್ತು. ಇವಳ ಜುಟ್ಟು ಎಲ್ಲಿ ಸಿಗಬೇಕು? ಅವತ್ತಿನಿಂದ ಬುರುಲ್ಚಾಳಿಗೂ ಒಂದು ಚಟ ಅಂಟಿತು. ಗಂಡ ಹೊರಟ ಕೂಡಲೇ ಬಾಗಿಲು ಹಾಕಿ, ಕೂತು, ಕೇಳುವುದು. ಹುಣ್ಣನ್ನು ಕೆರೆದುಕೊಳ್ಳುವವರಿಗೆ ಈ ಸುಖ ಗೊತ್ತಿರುತ್ತದೆ. ಅವಳು ಹೇಗೆ ನಗುತ್ತಾಳೆ, ‘ರೀ’ ಅನ್ನುವುದನ್ನು ಎಷ್ಟು ಎಳೆಯುತ್ತಾಳೆ, ಅದರಲ್ಲಿ ಅಂಥದ್ದೇನಿದೆ ಎಂದು ಮತ್ತೆ ಮತ್ತೆ ಕೇಳಿದಳು. ಚಿತ್ರವೊಂದರಲ್ಲಿ ಕಾಲಿಪಾ ಬಿಳಿ ಉಣ್ಣೆಯ ಶಾಲು ಹೊದ್ದು ನಿಂತಿದ್ದಳು. ಅಂಥದ್ದು ಎಲ್ಲಿ ಸಿಗುತ್ತದೆ ಎಂದು ಬುರುಲ್ಚಾ ಒಂದೇ ಒಂದು ಸಲ ಹುಡುಕಿದ್ದಕ್ಕೆ, ಆಮೇಲೆ ಹವಾಮಾನ ನೋಡಿದರೂ ಬಿಳಿ ಶಾಲು, ರೊಟ್ಟಿ ಹಿಟ್ಟು ಕಲಸುವ ವಿಧಾನ ನೋಡಿದರೂ ಪಕ್ಕದಲ್ಲಿ ಬಿಳಿ ಶಾಲು. ಸವತಿ ಅಂಗಡಿಯನ್ನೇ ಇಟ್ಟು ಕೂತಿದ್ದಾಳೆ ಅನ್ನಿಸಿ ಅವಳಿಗೆ ಮೈಯೆಲ್ಲ ಉರಿಯಿತು.

ಬುರುಲ್ಚಾಳ ಕೈಯಲ್ಲಿ ಒಂದೇ ವಿದ್ಯೆಯಿತ್ತು, ಕೌದಿ ಹೊಲಿಯುವುದು. ತಾಯಿಯ ಮಂಚದ ಪಕ್ಕ ಕೂತು ಕಲಿತದ್ದು. ಚಿಂದಿಯಿಂದ ತ್ರಿಕೋನ ಕತ್ತರಿಸಿ, ಕೆಂಪಿನ ಪಕ್ಕ ಯಾವ ನೀಲಿ ಕೂರಬೇಕೆಂದು ಅರ್ಧ ದಿನ ಯೋಚಿಸಿ ಹೊಲಿಯುತ್ತಿದ್ದಳು. ಆ ಚಳಿಗಾಲ ಊರಿನ ಗ್ರಂಥಾಲಯದಲ್ಲಿ ಹೆಂಗಸರಿಗೆ ಕಂಪ್ಯೂಟರು ಕಲಿಸಲು ಶುರುಮಾಡಿದ್ದರು. ಕಲಿಸುವವಳು ನಜೀರಾ, ಗ್ರಂಥಾಲಯದವಳೇ, ಇಪ್ಪತ್ತಾರರ ಚೂಟಿ ಹೆಣ್ಣು. ‘ನಿಮ್ಮ ಕೌದಿ ಚಿತ್ರಾನ ಇಂಟರ್‌ನೆಟ್ಟಿಗೆ ಹಾಕಿ ಅಕ್ಕಾ, ಜನ ನೋಡ್ಲಿ’ ಎಂದಳು. ಬುರುಲ್ಚಾಳ ಕೆಲಸವನ್ನು ಜನ ನೋಡಲಿ ಎಂದು ಹುಟ್ಟಿದಾಗಿನಿಂದ ಯಾರೂ ಅಂದಿರಲಿಲ್ಲ.

ಕಾಲಿಪಾಳ ದನಿಯಿದ್ದ, ಎಲ್ಲರೂ ಚಿತ್ರವನ್ನೂ ಹಾಕುವ ಅದೇ ತಾಣವನ್ನು ಮನೆಯಲ್ಲಿ ತೆರೆದಳು. ಮೇಲ್ಗಡೆ ‘ನಮಸ್ಕಾರ, ಕಾಲಿಪಾ’ ಎಂದು ಬರೆದಿತ್ತು. ಅವಳು ಅದನ್ನು ನೋಡಲಿಲ್ಲವೆಂದಲ್ಲ. ಮನೆಗೇ ಕಾಲಿಪಾಳ ಮನೆ ಎಂದು ಹೆಸರಿರುವಾಗ ಕಂಪ್ಯೂಟರಿಗೂ ಅದೇ ಹೆಸರು ಇದ್ದೀತು, ಒಳಗೆ ಹೋಗಲು ಇದೇ ಬಾಗಿಲು ಎಂದುಕೊಂಡಳು. ತನ್ನ ಅತಿ ಚೆಂದದ ಕೌದಿಯ, ನಲವತ್ತು ತ್ರಿಕೋನದ ಕೆಂಪು ಸೂರ್ಯನ ಚಿತ್ರ ಹಾಕಿ, ‘ನನ್ನ ಕೈಯಿಂದ ಹೊಲಿದದ್ದು’ ಎಂದು ಎರಡು ಬೆರಳಲ್ಲಿ ಕುಟ್ಟಿ, ಒತ್ತಿಬಿಟ್ಟಳು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಬಾತ್ಮಾಕಾನ್ ಏದುಸಿರು ಬಿಡುತ್ತ ಬಂದಳು. ಎಪ್ಪತ್ತರ ಮುದುಕಿ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಎನ್ನುವ ಜಾತಿ. ಕಾಲಲ್ಲಿ ಕಾಲಿಪಾಳ ಬೂಟು.

“ಅಯ್ಯೋ ಬುರುಲ್ಚಾ, ಕೇಳಿದ್ಯೇನೇ? ಕಾಲಿಪಾ ಅಲ್ಲಿ ಕೌದಿ ಹೊಲೀತಿದಾಳಂತೆ!”

“ಎಲ್ಲಿ?”

“ಎಲ್ಲಿ ಅಂದ್ರೆ? ಆ ಲೋಕದಲ್ಲಿ! ನನ್ನ ಮೊಮ್ಮಗಳು ಫೋನಲ್ಲಿ ತೋರಿಸಿದ್ಲು. ಕೆಂಪು ಕೌದಿ. ‘ನನ್ನ ಕೈಯಿಂದ’ ಅಂತ ಅವಳೇ ಬರೆದವಳೆ. ನಂಗೆ ರಾತ್ರಿ ಉಂಡಿದ್ದು ಇಳೀಲಿಲ್ಲ ಕಣೇ.”

ಬುರುಲ್ಚಾ ಓಡಿಹೋಗಿ ಕಂಪ್ಯೂಟರು ತೆರೆದಳು. ಕೌದಿಯ ಕೆಳಗೆ ಇಪ್ಪತ್ತಮೂರು ಜನ ಬರೆದಿದ್ದರು. ಊರಿನವರು ಕೆಲವರು ಹೆದರಿ ಪ್ರಾರ್ಥನೆ ಬರೆದಿದ್ದರು. ತಲಾಸ್‌ನಲ್ಲಿರುವ ಹಳೆಯ ಗೆಳತಿಯೊಬ್ಬಳಿಗೆ ಸಾವಿನ ಸುದ್ದಿಯೇ ಮುಟ್ಟಿರಲಿಲ್ಲ. ‘ಕಾಲಿಪಾ, ನಿನ್ನ ಕೈ ಇನ್ನೂ ಹಾಗೇ ಇದೆ, ಶಾಲೆಯಲ್ಲೂ ನಿನ್ನ ಹೊಲಿಗೆಯೇ ಚೆಂದ’ ಎಂದು ಬರೆದಿದ್ದಳು.

ಕಾಲಿಪಾಳಿಗೆ ಗುಂಡಿ ಹೊಲಿಯಲೂ ಬರುತ್ತಿರಲಿಲ್ಲವೆಂದು ಊರಿಗೆಲ್ಲ ಗೊತ್ತು. ಬುರುಲ್ಚಾ ಇಪ್ಪತ್ತಮೂರನ್ನೂ ಮತ್ತೊಮ್ಮೆ ಓದಿದಳು. ಗಂಡ ಅವಳವನು, ಮನೆ ಅವಳದ್ದು, ಹೋಗಲಿ. ಸೂಜಿ ಚುಚ್ಚಿ ಚುಚ್ಚಿ ತನ್ನ ಬೆರಳು ಗಡುಸಾಗುವಂತೆ ಹೊಲಿದ ಆ ಕೌದಿಯೂ ಅವಳ ಪಾಲಾಯಿತಲ್ಲ! ಹೊಟ್ಟೆಕಿಚ್ಚು ಎಂದರೆ ಇದೇ ಎಂದು ಅವತ್ತು ಅವಳಿಗೆ ಖಚಿತವಾಯಿತು. ಅದಕ್ಕೆ ಮುಂಚಿನದೆಲ್ಲ ಬರೀ ಹೊಗೆ.

“ಆತ್ಮ ಒಳಗೆ ಸಿಕ್ಕಿಹಾಕ್ಕೊಂಡಿದೆ” ಎಂದು ಬಾತ್ಮಾಕಾನ್ ತೀರ್ಪು ಕೊಟ್ಟಳು. “ಅಡುಗೆಮನೇಲಿ ಕರಿದ್ರೆ ಅದಕ್ಕೆ ವಾಸನೆ ಮುಟ್ಟುತ್ತೇನೇ? ಅದರ ಮುಂದೇನೇ ಕರೀಬೇಕು.”

ನಗಬೇಡಿ. ಉರಿಯುವ ಹೊಟ್ಟೆಗೆ ಯಾವ ಮದ್ದೂ ಮದ್ದೇ. ಆ ಗುರುವಾರ ವಿದ್ಯುತ್ ಒಲೆಯನ್ನು ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲಿಟ್ಟು, ಬುರುಲ್ಚಾ ಏಳರ ಬದಲು ಹದಿನಾಲ್ಕು ರೊಟ್ಟಿ ಕರಿದಳು. ಬಾತ್ಮಾಕಾನ್ ಕೈಯೆತ್ತಿ ಪ್ರಾರ್ಥನೆ ಹೇಳಿದಳು. ಪರದೆಯ ಮೇಲೆ ಜಿಡ್ಡು ಕೂತು, ಅದರ ಹಿಂದಿನಿಂದ ‘ನಮಸ್ಕಾರ, ಕಾಲಿಪಾ’ ಎಂಬುದು ಮೊದಲಿಗಿಂತ ಮಿರಮಿರ ಮಿಂಚಿತು.

ಕೊನೆಗೆ ಅವಳು ಹೋದದ್ದು ನಜೀರಾಳ ಬಳಿಗೆ. ನಡೆದದ್ದನ್ನೆಲ್ಲ ಕೇಳಿ ನಜೀರಾ ನಗು ತಡೆಯಲು ಪುಸ್ತಕವೊಂದನ್ನು ಮುಖಕ್ಕೆ ಅಡ್ಡ ಹಿಡಿದಳು.

“ಅಕ್ಕಾ, ನಮ್ಮೂರ ಸಭಾಭವನಕ್ಕೆ ನಾಟಕ ನೋಡೋಕೆ ಹೋದಾಗ ಬಾಗಿಲಲ್ಲಿ ಕೋಟು ಬಿಚ್ಚಿ ಕೊಡ್ತೀರಲ್ಲ, ಬದಲಿಗೆ ಏನು ಕೊಡ್ತಾರೆ?”

“ನಂಬರಿನ ಬಿಲ್ಲೆ.”

“ಆಮೇಲೆ ಬಿಲ್ಲೆ ತೋರಿಸಿದ್ರೆ ಕೋಟು ಕೊಡ್ತಾರೆ. ನಿಮ್ಮ ಮುಖ ನೋಡ್ತಾರಾ?”

“ಆ ಮುದುಕಿ ಯಾರ ಮುಖಾನೂ ನೋಡಲ್ಲ. ತಲೆ ಬಗ್ಗಿಸ್ಕೊಂಡು ಕಾಲುಚೀಲ ಹೆಣೀತಿರ್ತಾಳೆ.”

“ಇಂಟರ್‌ನೆಟ್ಟಿನ ಮುದುಕೀನೂ ಅಷ್ಟೇ. ಕಾಲಿಪಕ್ಕ ಯಾವಾಗ್ಲೋ ಒಂದ್ಸಲ ಹೆಸರು, ಗುಟ್ಟಿನ ಪದ ಕೊಟ್ಟು ಒಳಗೆ ಹೋಗಿದಾರೆ. ಆಗ ಆ ತಾಣ ನಿಮ್ಮನೆ ಕಂಪ್ಯೂಟರಿನ ಬ್ರೌಸರಿಗೆ ಒಂದು ಬಿಲ್ಲೆ ಕೊಡ್ತು. ಅದಕ್ಕೆ ಕುಕಿ ಅಂತಾರೆ. ನಿಮ್ಮೆಜಮಾನ್ರು ದಿನಾ ತೆಗೀತಾರಲ್ಲ, ತೆಗೆದಾಗೆಲ್ಲ ಬ್ರೌಸರು ಆ ಬಿಲ್ಲೆ ತೋರಿಸುತ್ತೆ. ಅದು ‘ಓಹೋ, ಕಾಲಿಪಾ ಬಂದ್ಲು’ ಅನ್ನುತ್ತೆ. ಕೂತಿರೋದು ನೀವೋ ನಿಮ್ಮೆಜಮಾನ್ರೋ ಬಾತ್ಮಾಕಾನಜ್ಜಿಯೋ, ಅದಕ್ಕೆ ಗೊತ್ತಾಗಲ್ಲ.”

“ಅಂದ್ರೆ ಇಷ್ಟು ದಿನ ನಾನು ಅವಳ ಕೋಟು ಹಾಕ್ಕೊಂಡು ಓಡಾಡ್ತಿದೀನಿ.”

“ಒಂಥರಾ ಹಾಗೇ.”

“ಮತ್ತೆ ಆ ಬಿಳಿ ಶಾಲು? ನಾನು ಹೋದಲ್ಲೆಲ್ಲ ಬರ್ತದಲ್ಲ?”

“ಅದೂ ಇನ್ನೊಂದು ಬಿಲ್ಲೆ. ಜಾಹೀರಾತಿನೋರು ಅಂಟಿಸಿದ್ದು. ಈ ಕಂಪ್ಯೂಟರಲ್ಲಿ ಯಾರೋ ಶಾಲು ನೋಡಿದಾರೆ ಅಂತ ಅದರಲ್ಲಿ ಗುರುತು ಹಾಕಿರ್ತಾರೆ. ನೋಡಿದ್ದು ಕಾಲಿಪಕ್ಕ ಅಲ್ಲ, ನೀವು. ನೀವು ನೋಡಿದಷ್ಟೂ ಅದು ತೋರಿಸುತ್ತೆ.”

ಬುರುಲ್ಚಾಳಿಗೆ ನಾಚಿಕೆಯಾಯಿತು. ಶಾಲಿನ ವಿಷಯದಲ್ಲಿ ಸವತಿಯ ತಪ್ಪೇನೂ ಇರಲಿಲ್ಲ. ಮನೆಗೆ ಬಂದು, ನಜೀರಾ ಹೇಳಿಕೊಟ್ಟಂತೆ ಆ ಕೌದಿಯ ಚಿತ್ರವನ್ನು ಅಳಿಸಿದಳು. ‘ಅಳಿಸಲಾಗಿದೆ’ ಎಂದು ಬಂತು. ಆದರೆ ಕಾಲಿಪಾಳ ಪುಟವನ್ನು ಮತ್ತೆ ತೆರೆದು ನೋಡಿದರೆ ಕೆಂಪು ಸೂರ್ಯ ಅಲ್ಲೇ ಉರಿಯುತ್ತಿತ್ತು.

ಅಷ್ಟರಲ್ಲಿ ಶೇರ್‌ಗಾಜಿ ಊಟಕ್ಕೆ ಬಂದ. ಬಾಗಿ ಪರದೆ ನೋಡಿ, ಮೊದಲ ಸಲವೆಂಬಂತೆ ಆ ಚಿತ್ರವನ್ನು ಬಹಳ ಹೊತ್ತು ನೋಡಿದ.

“ನಿನ್ನ ಕೌದಿ ಅಲ್ವಾ ಇದು?”

“ಹೂಂ. ತಪ್ಪಿ ಅಲ್ಲಿ ಹೋಗಿಬಿಟ್ಟಿದೆ. ತೆಗೀತಿದೀನಿ, ಹೋಗ್ತಿಲ್ಲ.”

“ಯಾಕೆ ತೆಗೀತೀಯ? ಇರ್ಲಿ ಬಿಡು. ಮೂರು ವರ್ಷದಿಂದ ಅವಳ ಪುಟ ಖಾಲಿ ಬಿದ್ದಿತ್ತು. ಈಗ ತುಂಬಿದ ಹಾಗಿದೆ.”

ಶೇರ್‌ಗಾಜಿ ಕೆಟ್ಟವನಲ್ಲ. ಆಡುವ ಮಾತು ಯಾರ ಎದೆಗೆ ಹೋಗಿ ತಾಗುತ್ತದೆಂದು ನೋಡದ ಗಂಡಸರ ಪೈಕಿ, ಅಷ್ಟೇ. ಚಹಾ ಕುಡಿದು, ಹನ್ನೊಂದರಲ್ಲಿ ಎರಡನ್ನು ಕೇಳಿ, ಒಂದಕ್ಕೆ ನಕ್ಕು, ವ್ಯಾನು ಹತ್ತಿದ. ಬುರುಲ್ಚಾ ಬಾಗಿಲಲ್ಲಿ ನಿಂತಿದ್ದಳು. ತನ್ನ ಸೂರ್ಯನನ್ನು ಅವಳ ಗೋಡೆಗೆ ಹೊಡೆದು ಅಲಂಕಾರ ನೋಡುತ್ತಾನಲ್ಲ ಎಂದು ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಶಾಲು ಹೊದ್ದುಕೊಂಡು ನೆಟ್ಟಗೆ ಗ್ರಂಥಾಲಯಕ್ಕೆ ನಡೆದಳು.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕಾಲಿಪಾಳ ಪುಟ ತೆರೆದರೆ ಕೌದಿ ಇರಲಿಲ್ಲ.

“ಇಲ್ಲಿ ಇಲ್ಲ, ಮನೇಲಿದೆ! ನಮ್ಮನೆ ಯಂತ್ರ ಅವಳ ಪರ ಕಣೇ ನಜೀರಾ.”

“ಯಾರ ಪರಾನೂ ಅಲ್ಲ. ನಿಮ್ಮನೆಗೆ ನೀರೆಲ್ಲಿಂದ ತರ್ತೀರಾ?”

“ಬೀದಿ ತುದಿ ನಲ್ಲಿಯಿಂದ.”

“ಒಂದೊಂದು ಸಲ ಚಹಾ ಕಾಸೋಕೂ ಅಲ್ಲಿಗೆ ಹೋಗ್ತೀರಾ?”

“ಈ ಚಳೀಲಾ? ಬಕೆಟ್ ತುಂಬಿಟ್ಕೋತೀನಿ.”

“ಬ್ರೌಸರೂ ಬಕೆಟ್ ತುಂಬಿಟ್ಕೊಳ್ಳುತ್ತೆ. ಒಂದ್ಸಲ ನೋಡಿದ ಚಿತ್ರ, ಪುಟ ಎಲ್ಲದರ ಪ್ರತಿ ಇಟ್ಕೊಂಡಿದ್ದು, ಮತ್ತೆ ಕೇಳಿದಾಗ ಅಲ್ಲಿಂದ್ಲೇ ಬೇಗ ಕೊಡುತ್ತೆ. ಅದು ಕ್ಯಾಶೆ. ನಲ್ಲೀಲಿ ಹೊಸ ನೀರು ಬಂದಿದ್ರೂ ನೀವು ಕುಡೀತಿರೋದು ನಿನ್ನೆ ಬಕೆಟ್ಟಿಂದು. ಚೆಲ್ಲಿಬಿಟ್ರೆ ಆಯ್ತು.”

ನಜೀರಾ ಚೀಟಿಯ ಮೇಲೆ ದಾರಿ ಬರೆದುಕೊಟ್ಟಳು. ಎಲ್ಲಿ ಒತ್ತಬೇಕು, ಆಮೇಲೆ ಬರುವ ಕಿಟಕಿಯಲ್ಲಿ ಎರಡು ಚೌಕಗಳು. ಬರೆಯುತ್ತ ಬರೆಯುತ್ತ ಅವಳ ದನಿ ಗಂಭೀರವಾಯಿತು.

“ಅಕ್ಕಾ, ಕೆಳಗಿನ ಚೌಕ ಬಕೆಟ್ಟಿಂದು. ಅದಕ್ಕೆ ಮಾತ್ರ ಗುರುತು ಹಾಕಿ. ಮೇಲಿನದು ಬಿಲ್ಲೆಗಳದ್ದು. ಅದನ್ನ ಮುಟ್ಟಬೇಡಿ. ಅದು ಹೋದ್ರೆ ತಾಣ ‘ಯಾರು ನೀನು’ ಅಂತ ಕೇಳುತ್ತೆ. ಕಾಲಿಪಕ್ಕನ ಗುಟ್ಟಿನ ಪದ ಯಾರಿಗಾದ್ರೂ ಗೊತ್ತಾ? ಯಂತ್ರದಲ್ಲಿ ಉಳಿಸಿದಾರಾ?”

“ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ ಅಂತ ಒಂದ್ಸಲ ಅಂದಿದ್ರು.”

“ಮರೆತೋರಿಗೆ ಹೊಸ ಪದ ಫೋನಿಗೆ ಬರುತ್ತೆ. ಅವರ ನಂಬರು?”

“ಮುಚ್ಚಿ ಎರಡು ವರ್ಷ ಆಯ್ತು.”

“ಹಾಗಾದ್ರೆ ಆ ಬಿಲ್ಲೆಯೊಂದೇ ಬೀಗದಕೈ. ಚಿತ್ರಗಳು ಹೊರಗಿನೋರಿಗೂ ಕಾಣ್ತವೆ. ಆದ್ರೆ ಅವರು ಕಳಿಸಿದ ಮಾತು, ದನಿ, ಎಲ್ಲ ಒಳಗಡೆ. ಒಳಗಿಂದು ಮತ್ತೆ ಸಿಗಲ್ಲ. ನೆನಪಿಟ್ಕೊಳ್ಳಿ, ಕೆಳಗಿಂದು ಮಾತ್ರ.”

“ಕೆಳಗಿಂದು ಮಾತ್ರ” ಎಂದು ಬುರುಲ್ಚಾ ತಲೆಯಾಡಿಸಿದಳು. ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಆ ತರಗತಿಯಲ್ಲಿ ಅಷ್ಟು ಚೆನ್ನಾಗಿ ಪಾಠ ಅರ್ಥಮಾಡಿಕೊಂಡವಳು ಇನ್ನೊಬ್ಬಳಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಗಂಡ ಹೊರಟ ಮೇಲೆ ಕೂತಳು. ಚೀಟಿ ನೋಡಿ ಒಂದೊಂದಾಗಿ ಒತ್ತಿದಳು. ಕಿಟಕಿ ತೆರೆಯಿತು. ಎರಡು ಚೌಕ. ಕೆಳಗಿನದಕ್ಕೆ ಗುರುತು ಹಾಕಿದಳು. ಇನ್ನು ಒತ್ತಿದರೆ ಕೆಲಸ ಮುಗಿದಂತೆ. ಬೆರಳು ಮಾತ್ರ ಏಳಲಿಲ್ಲ. ಅತ್ತಿಗೆಯ ಬಟ್ಟಲು ನೆನಪಾಯಿತು, ‘ಕಾಲಿಪಾಳ ಮನೆಯೋಳು’ ಎಂದು ಬ್ರೆಡ್ಡಿನ ಅಂಗಡಿಯವನು ಕರೆಯುವುದು ನೆನಪಾಯಿತು, ತುಂಬಿದ ಹಾಗಿದೆ ಎಂದ ಗಂಡನ ಮುಖ ನೆನಪಾಯಿತು. “ಸಾಕು ಕಣೇ. ನೀನು ನಾಲ್ಕು ವರ್ಷ ಕಾದೆ, ನಾನು ನಲವತ್ತಮೂರು ವರ್ಷ ಕಾದಿದೀನಿ” ಎಂದು ಪರದೆಗೆ ಹೇಳಿ, ಮೇಲಿನ ಚೌಕಕ್ಕೂ ಗುರುತು ಹಾಕಿ ಒತ್ತಿದಳು.

ಶಬ್ದವೇನೂ ಆಗಲಿಲ್ಲ. ತಾಣವನ್ನು ತೆರೆದರೆ ಖಾಲಿ ಹಾಳೆ, ಎರಡು ಗೆರೆ. ಹೆಸರು? ಗುಟ್ಟಿನ ಪದ? ಪಕ್ಕದಲ್ಲಿ ಬಿಳಿ ಶಾಲೂ ಇಲ್ಲ. ಬುರುಲ್ಚಾ ತರಗತಿಯಲ್ಲಿ ಕಲಿತಂತೆ ತನ್ನ ಹೆಸರಿನಲ್ಲೇ ಹೊಸ ಪುಟ ಮಾಡಿದಳು. ‘ನಮಸ್ಕಾರ, ಬುರುಲ್ಚಾ’ ಎಂದಿತು. ಕೆಂಪು ಸೂರ್ಯನನ್ನು ಅಲ್ಲಿ ಹಾಕಿ, ಗಂಡನಿಗೆ ಕಾಣದಿರಲೆಂದು ತನ್ನ ಬಿಲ್ಲೆ ಹಿಂದಿರುಗಿಸಿ ತಾಣದಿಂದ ಹೊರಬಂದು, ಎದ್ದು ಮನೆ ಗುಡಿಸಿದಳು. ಹಾಡೂ ಗುನುಗಿದಳು. ಅದು ಅವಳ ಮನೆ, ಮಧ್ಯಾಹ್ನದವರೆಗೆ.

ಶೇರ್‌ಗಾಜಿ ಚಹಾ ಹಿಡಿದು ಕೂತ. ಒತ್ತಿದ. ಮತ್ತೆ ಒತ್ತಿದ.

“ಬುರುಲ್ಚಾ, ಇದೇನು ಹೆಸರು ಕೇಳ್ತಿದೆ?”

“ನಂಗೇನು ಗೊತ್ತು. ಕೆಟ್ಟಿರಬೇಕು.”

ಅವನು ‘ಕಾಲಿಪಾ’ ಎಂದು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ. ಗುಟ್ಟಿನ ಪದದ ಗೆರೆಯಲ್ಲಿ ಅವಳು ಹುಟ್ಟಿದ ಊರು ಹಾಕಿದ, ಹಸುವಿನ ಹೆಸರು ಹಾಕಿದ, ತನ್ನ ಹೆಸರು ಹಾಕಿದ. ತಪ್ಪು, ತಪ್ಪು, ತಪ್ಪು. ಮಧ್ಯಾಹ್ನದ ಟ್ರಿಪ್ಪನ್ನು ಇನ್ನೊಬ್ಬನಿಗೆ ಕೊಟ್ಟು ನಜೀರಾಳನ್ನು ಕರೆತಂದ. ನಜೀರಾ ಪರದೆ ನೋಡಿದಳು, ಆಮೇಲೆ ಬುರುಲ್ಚಾಳನ್ನು ನೋಡಿದಳು. ಫೋನ್ ನಂಬರಿಗೆ ಕರೆಮಾಡಿ ನೋಡಿದರು. ಆ ನಂಬರು ಬಳಕೆಯಲ್ಲಿಲ್ಲ ಎಂದು ಯಂತ್ರದ ಹೆಣ್ಣು ಎರಡು ಭಾಷೆಯಲ್ಲಿ ಹೇಳಿದಳು.

“ಅಣ್ಣಾ, ತಾಣದೋರಿಗೆ ಪತ್ರ ಬರೀಬಹುದು. ಆದ್ರೆ ತೀರಿಕೊಂಡಿದಾರೆ ಅಂತ ಬರೆದ್ರೆ ಪುಟಾನೇ ಮುಚ್ಚಿಬಿಡ್ತಾರೇನೋ.”

“ಬೇಡ” ಎಂದ ಶೇರ್‌ಗಾಜಿ. “ನಾನೇ ಏನೋ ತಪ್ಪು ಒತ್ತಿರ್ಬೇಕು. ನನ್ನ ಕೈ ದಪ್ಪ.”

ನಜೀರಾ ಹೋದ ಮೇಲೆ ಅವನು ತನ್ನ ಕೈಯನ್ನೇ ನೋಡುತ್ತ ಕೂತ. ಸ್ಟಿಯರಿಂಗ್ ಹಿಡಿದು ದಡ್ಡುಗಟ್ಟಿದ ಕೈ. ಬೈದಿದ್ದರೆ ಬುರುಲ್ಚಾ ತಡೆದುಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ತಪ್ಪನ್ನು ಅವನು ತನ್ನ ತಲೆಯ ಮೇಲೆ ಹಾಕಿಕೊಂಡದ್ದನ್ನು ತಡೆಯಲಾಗಲಿಲ್ಲ.

“ನಿಮ್ಮ ಕೈಯಲ್ಲ ರೀ. ನಂದು. ನಾನೇ ಅಳಿಸಿದೆ.”

“ತಿಳೀದೆ?”

“ತಿಳಿದೂ ತಿಳಿದೂ. ನಜೀರಾ ಬೇಡ ಅಂದಿದ್ಲು. ಹೊಟ್ಟೆ ಉರೀತು, ಅಳಿಸಿದೆ. ದಿನಾ ನನ್ನ ಎದುರಿಗೇ ಅವಳ ಹತ್ರ ಹೋಗಿ ಕೂರ್ತಿದ್ರಿ. ನನ್ನ ಕೌದೀನೂ ಅವಳಿಗೇ ಕೊಟ್ರಿ.”

ಶೇರ್‌ಗಾಜಿ ಅವಳನ್ನು ನೋಡಿದ. ಟೊಪ್ಪಿಗೆ ಎತ್ತಿಕೊಂಡು ಎದ್ದು ಹೋದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಬುರುಲ್ಚಾ ಸಂಜೆಯವರೆಗೂ ಆ ಎರಡು ಖಾಲಿ ಗೆರೆಗಳ ಮುಂದೆ ಕೂತು ತನಗೆ ತೋಚಿದ ಪದಗಳನ್ನೆಲ್ಲ ಹಾಕಿ ನೋಡಿದಳು.

ಎರಡು ದಿನ ಅವನು ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಸಂಜೆ ಬಂದವನು ಹುಲ್ಲು, ಕಟ್ಟಿಗೆ, ಗ್ಯಾಸು ಇಷ್ಟರ ಬಗ್ಗೆ ಮಾತ್ರ ಮಾತಾಡಿದ. ಬುರುಲ್ಚಾ ಬಟ್ಟೆಯ ಗಂಟನ್ನು ಬಾಗಿಲ ಹಿಂದೆ ಕಟ್ಟಿಟ್ಟಳು. ‘ಹೋಗು’ ಅಂದರೆ ಹೋಗಬೇಕು, ಅಣ್ಣನ ಮನೆಗೆ, ಅತ್ತಿಗೆಯ ಬಟ್ಟಲಿಗೆ.

ಮೂರನೇ ಮಧ್ಯಾಹ್ನ ವ್ಯಾನು ಬಾಗಿಲಿಗೆ ಬಂದು ನಿಂತಿತು. ಅವನು ಕೈ ತೊಳೆದು, ಸಾರು ಕುಡಿದ. ಕಂಪ್ಯೂಟರಿನ ಕಡೆ ತಿರುಗಲಿಲ್ಲ.

“ನೀನೂ ಕೇಳ್ತಿದ್ಯಲ್ಲ?” ಎಂದ. “ಹೆಡ್‌ಫೋನು ದಿನಾ ಬೇರೆ ಮೊಳೇಲಿ ನೇತಾಡ್ತಿತ್ತು.”

ಸುಳ್ಳು ಹೇಳಲು ಅವಳಿಗೆ ಶಕ್ತಿ ಉಳಿದಿರಲಿಲ್ಲ. “ಕೇ‌ಳ್ತಿದ್ದೆ.”

“ಆ ಹಸು ಈದಿದ್ದು ಇದೆಯಲ್ಲ, ಹಿಮದ ದಿನ... ಅದರ ಶುರು ಹೇಗೆ? ಎರಡು ದಿನದಿಂದ ವ್ಯಾನಲ್ಲಿ ನೆನಪು ಮಾಡ್ಕೋತಿದೀನಿ. ನಡುವಿಂದು ಬರ್ತದೆ. ಶುರು ಬರ್ತಿಲ್ಲ. ದನೀನೂ ಹೋಗ್ತಿದೆ ಬುರುಲ್ಚಾ. ಮೂರೇ ದಿನಕ್ಕೆ.”

ಗೊತ್ತಿಲ್ಲ ಎನ್ನಬಹುದಿತ್ತು. ಅಲ್ಲಿಗೆ ಕಾಲಿಪಾ ಪೂರ್ತಿ ಮುಗಿಯುತ್ತಿದ್ದಳು. ಆದರೆ ಬುರುಲ್ಚಾಳಿಗೆ ಗೊತ್ತಿತ್ತು, ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಪ್ರೀತಿಯಿಂದ ಅರೆಗಣ್ಣು ಮುಚ್ಚಿ ಕೇಳಿದ್ದ. ಅವಳು ಮತ್ಸರದಿಂದ ಕಿವಿ ನಿಮಿರಿಸಿ, ಒಂದೊಂದು ಕೆಮ್ಮನ್ನೂ ಲೆಕ್ಕವಿಟ್ಟು ಕೇಳಿದ್ದಳು. ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, ನೆಲ ನೋಡುತ್ತ ಶುರುಮಾಡಿದಳು.

“ರೀ... ಕೇಳಿಸ್ತಿದೆಯಾ? ಕೆಂಪು ದೀಪ ಹತ್ತಿದೆ, ಕೇಳಿಸ್ತಿರಬೇಕು. ನಮ್ಮ ಕರಿ ಹಸು ಈಯ್ತು. ಹೆಣ್ಣು ಕರು. ಮೊಣಕಾಲು ತನಕ ಹಿಮ, ಕರೂನ ಕೋಟೊಳಗೆ ಹಾಕ್ಕೊಂಡು ಒಳಗೆ ತಂದೆ, ಕೋಟೆಲ್ಲ ಗಲೀಜು. ನೀವಿದ್ದಿದ್ರೆ ಬೈತಿದ್ರಿ.” ಇಲ್ಲಿ ಕೆಮ್ಮಿದಳು, ಎರಡು ಸಲ. ಎರಡನೆಯದು ಚಿಕ್ಕದು.

ಶೇರ್‌ಗಾಜಿ ಮುಖ ಎತ್ತಿದ. ‘ರೀ’ಯ ಎಳೆತವೂ ಅದೇ ಆಗಿತ್ತು.

“ಮುಂದೆ” ಎಂದ.

ಅವಳು ಅದನ್ನು ಮುಗಿಸಿ ಮುಂದಿನದಕ್ಕೆ ಹೋದಳು. ಛಾವಣಿ ಸೋರಿದ್ದು, ಬಾತ್ಮಾಕಾನಳ ಮೊಮ್ಮಗಳ ಮದುವೆ ಮಾತು, ಕಾಲು ನೋವು. ಹತ್ತಾದವು. ಕೊನೆಯದು ಎಲ್ಲಕ್ಕಿಂತ ಚಿಕ್ಕದು. ಅದನ್ನು ಅವಳು ಒಂದೇ ಸಲ ಕೇಳಿದ್ದಳು, ಎರಡನೇ ಸಲ ಕೇಳಲು ಅವಳಿಗೆ ಧೈರ್ಯವಾಗಿರಲಿಲ್ಲ. ಒಂದು ಸಲವೇ ಸಾಕಾಗಿತ್ತು.

“ರೀ, ದುಡಿದಿದ್ದು ಸಾಕು, ಬಂದುಬಿಡಿ. ನಂಗ್ಯಾಕೋ ಭಯ ಆಗ್ತಿದೆ. ಮನೆ ಖಾಲಿ ಇದೆ.”

ಶೇರ್‌ಗಾಜಿ ಕಣ್ಣು ಮುಚ್ಚಿಕೊಂಡಿದ್ದ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿದು ಮೀಸೆಗೆ ಬಂದಿತ್ತು.

“ಬಂದೆ ಕಾಲಿಪಾ” ಎಂದ.

“ಹೂಂ” ಎಂದಳು ಬುರುಲ್ಚಾ.